ಹಗ್ಗ, ಬೀಗ, ಮಾತ್ರೆ: ಮರೆವಿನವರ ಮನೆ ನಡೆದು ಬಂದ ದಾರಿ

ಡಿಮೆನ್ಷಿಯಾ ಬಂದ ತಾಯಿಯನ್ನೋ ತಂದೆಯನ್ನೋ ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಗಿ ಬಂದಾಗ ಮಕ್ಕಳ ಕಣ್ಣು ಮೊದಲು ಹೋಗುವುದು ಕಟ್ಟಡದ ಮೇಲೆ. ಕೋಣೆಯಲ್ಲಿ ಗಾಳಿ ಬೆಳಕು ಇದೆಯೆ, ನೆಲ ಚೊಕ್ಕಟವಾಗಿದೆಯೆ, ಡಾಕ್ಟರು ದಿನವೂ ಬರುತ್ತಾರೆಯೆ, ತಿಂಗಳಿಗೆ ಎಷ್ಟು, ಮುಂಗಡ ಎಷ್ಟು ಎಂದು ವಿಚಾರಿಸುತ್ತಾರೆ. ಇವೆಲ್ಲ ಕೇಳಲೇಬೇಕಾದವು. ಆದರೆ ಇಂಥ ಮನೆಗಳ ಹಿಂದಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದಾಗ ಇವೆಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಅನ್ನಿಸುತ್ತದೆ. ಅಲ್ಲಿರುವ ಹಿರಿಯರು ನಡುರಾತ್ರಿ ಎದ್ದು ಓಡಾಡಿದಾಗ, ಊಟ ಬೇಡವೆಂದು ತಟ್ಟೆ ತಳ್ಳಿದಾಗ, ಎಂದೋ ಬಿಟ್ಟುಬಂದ ಊರಿಗೆ ಈಗಲೇ ಹೊರಡಬೇಕೆಂದು ಬಾಗಿಲು ಬಡಿದಾಗ ಆ ಮನೆ ಏನು ಮಾಡುತ್ತದೆ? ಒಂದು ಕಾಲಕ್ಕೆ ಹಗ್ಗ ಬಿಗಿದರು, ಇನ್ನೊಂದು ಕಾಲಕ್ಕೆ ಬೀಗ ಜಡಿದರು, ಆಮೇಲೆ ಮಾತ್ರೆ ನುಂಗಿಸಿದರು. ಪ್ರತಿಸಲವೂ ಇದು ಅನಿವಾರ್ಯ, ಬೇರೆ ದಾರಿಯಿಲ್ಲ ಎಂದೇ ಹೇಳಿದರು. ಬೇರೆ ದಾರಿ ಇತ್ತು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಪುರಾವೆಯಿದೆ. ಮನೆ ಹುಡುಕುವವರು ಆ ಪುರಾವೆಯನ್ನು ತಿಳಿದಿರಬೇಕು ಎಂಬುದು ನನ್ನ ವಾದ.

ಈ ಕಾಯಿಲೆಯ ಆಧುನಿಕ ಚರಿತ್ರೆ ಶುರುವಾಗುವುದೇ ಒಬ್ಬ ಹೆಣ್ಣುಮಗಳನ್ನು ಮನೆಯಿಂದ ಆಸ್ಪತ್ರೆಗೆ ಸೇರಿಸಿದ ಸಂಗತಿಯಿಂದ. 1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟಿನ ಹುಚ್ಚಾಸ್ಪತ್ರೆಗೆ ಐವತ್ತೊಂದು ವರ್ಷದ ಆಗಸ್ಟೆ ಡೆಟರ್ ದಾಖಲಾದರು. ಗಂಡ ರೈಲ್ವೆಯಲ್ಲಿ ಗುಮಾಸ್ತ. ಅಡುಗೆ ಕೆಡುವುದು, ಸಾಮಾನು ಬಚ್ಚಿಡುವುದು, ಗಂಡನ ಮೇಲೆ ಸಂಶಯ, ರಾತ್ರಿ ಕೂಗಾಟ: ಇಂದು ಯಾವ ಕುಟುಂಬ ಹೇಳಿದರೂ ಇದೇ ಪಟ್ಟಿ. ಆಕೆಯನ್ನು ಪರೀಕ್ಷಿಸಿದ ವೈದ್ಯ ಅಲೋಯ್ಸ್ ಆಲ್ಜೈಮರ್. 1864ರಲ್ಲಿ ತೆರೆದ ಆ ಆಸ್ಪತ್ರೆಯನ್ನು ಕಟ್ಟಿಸಿದವರು ಮಕ್ಕಳ ಪುಸ್ತಕಗಳಿಂದ ಹೆಸರಾದ ವೈದ್ಯ ಹೈನ್ರಿಖ್ ಹಾಫ್‌ಮನ್. ಆಗಸ್ಟೆ ಬರುವ ಹೊತ್ತಿಗೆ ನಿರ್ದೇಶಕರಾಗಿದ್ದ ಎಮಿಲ್ ಸಿಯೋಲಿ ರೋಗಿಗಳನ್ನು ಕಟ್ಟಿಹಾಕುವುದನ್ನು ವಿರೋಧಿಸುತ್ತಿದ್ದವರು. ಕಟ್ಟುವ ಬದಲು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಹೊತ್ತುಗಟ್ಟಲೆ ಕೂರಿಸುವುದು, ದೊಡ್ಡ ಕೋಣೆಯಲ್ಲಿ ದಾದಿಯರ ಕಣ್ಣಳತೆಯಲ್ಲಿ ಇಡುವುದು ಅಲ್ಲಿನ ರೂಢಿ. ಆ ಕಾಲದ ಲೆಕ್ಕದಲ್ಲಿ ಅದು ಉದಾರವಾದ ಸ್ಥಳವೇ. ಹಾಗಿದ್ದೂ ಗಲಾಟೆ ಹೆಚ್ಚಾದಾಗ ಆಗಸ್ಟೆಯನ್ನು ಒಂಟಿ ಕೋಣೆಗೆ ಕಳಿಸಿದ್ದು ಆಕೆಯ ಕಡತದಲ್ಲಿದೆ. ಖರ್ಚು ತಾಳಲಾರದೆ ಗಂಡ ಆಕೆಯನ್ನು ಅಗ್ಗದ ಕಡೆಗೆ ಸಾಗಿಸಲು ಯೋಚಿಸಿದ ಮಾತೂ ಬರುತ್ತದೆ. ಈ ಕಾಯಿಲೆಯ ಮೊದಲ ಪ್ರಕರಣದಲ್ಲೇ ಎಲ್ಲಿ ಇಡುವುದು, ಎಷ್ಟು ಕೊಡುವುದು ಎಂಬ ಸಂಕಟ ಇತ್ತು. 1906ರ ಏಪ್ರಿಲ್ 8ರಂದು, ಹಾಸಿಗೆ ಹುಣ್ಣು ನಂಜೇರಿ ಆಕೆ ತೀರಿಕೊಂಡರು.

ಆಕೆಯ ಮಿದುಳು ಆಲ್ಜೈಮರ್ ಕೈಸೇರಿತು. ಅದೇ ನವೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ತಾವು ಕಂಡದ್ದನ್ನು ವಿವರಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್ಜೈಮರರ ಹೆಸರಿಟ್ಟರು. ವೈದ್ಯಲೋಕ ಮಿದುಳಿನ ತೆಳು ಸೀಳುಗಳನ್ನು ಜೋಪಾನ ಮಾಡಿತು. ಆಕೆಯನ್ನು ಕೊಂದದ್ದು ಮಿದುಳಿನ ಕಲೆಗಳಷ್ಟೇ ಅಲ್ಲ, ಹಾಸಿಗೆಯ ಹುಣ್ಣು ಕೂಡ ಎಂಬುದನ್ನು ಮರೆತುಬಿಟ್ಟಿತು. ಮುಂದಿನ ಐವತ್ತು ಅರವತ್ತು ವರ್ಷ ಆಲ್ಜೈಮರ್ ಎಂದರೆ ನಡುವಯಸ್ಸಿನಲ್ಲಿ ಅಪರೂಪಕ್ಕೆ ಬರುವ ರೋಗ. ಎಪ್ಪತ್ತೆಂಬತ್ತರ ಮರೆವನ್ನು ಮುಪ್ಪಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡರು. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಸಂಶೋಧಕರು 1960ರ ದಶಕದ ಕೊನೆಯಲ್ಲಿ ಮರೆವಿನ ಮುದುಕರ ಮಿದುಳಿನಲ್ಲೂ ಅದೇ ಕಲೆಗಳನ್ನು ತೋರಿಸಿದರು. 1976ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಎರಡೂ ಒಂದೇ ಕಾಯಿಲೆ, ಅದು ಅಪರೂಪದ್ದೇನಲ್ಲ ಎಂದು ಬರೆದರು. ಲೋಕ ಒಪ್ಪಿಕೊಂಡದ್ದು ಆಮೇಲೆ. ಕಾಯಿಲೆ ಎಂದು ಒಪ್ಪದ ಅಷ್ಟೂ ಕಾಲ ಈ ಮುದುಕರು ಇದ್ದದ್ದು ಹುಚ್ಚಾಸ್ಪತ್ರೆಗಳ ಹಿಂಬದಿಯ ವಾರ್ಡುಗಳಲ್ಲಿ, ಇಲ್ಲವೆ ಬಡವರನ್ನು ಕೂಡಿಹಾಕುತ್ತಿದ್ದ ಕಟ್ಟಡಗಳಲ್ಲಿ. ಇಂದಿನ ಆರೈಕೆ ಮನೆ ಹುಟ್ಟಿದ್ದು ಈ ಎರಡರ ಹೊಟ್ಟೆಯಲ್ಲಿ.

ಬ್ರಿಟನ್ನಿನಲ್ಲಿ ಆ ನಂಟು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. 1948ರಲ್ಲಿ ಅಲ್ಲಿನ ಸರ್ಕಾರ ಹಳೆಯ ಬಡವರ ಕಾನೂನನ್ನು ರದ್ದುಮಾಡಿ, ಮುದುಕರಿಗೆ ಹೋಟೆಲಿನಂಥ ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿಕೊಡುವ ಭರವಸೆ ಕೊಟ್ಟಿತು. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸಿನ 173 ಸಂಸ್ಥೆಗಳನ್ನು ಸುತ್ತಿ 1962ರಲ್ಲಿ ಪುಸ್ತಕ ತಂದಾಗ ಗೊತ್ತಾಯಿತು: ಬೋರ್ಡು ಬದಲಾಗಿದೆ, ಸಾವಿರಾರು ಮುದುಕರು ಮಾತ್ರ ಅದೇ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಇದ್ದಾರೆ. ಸಾಲುಮಂಚ, ಗೋಡೆಗೆ ಒರಗಿಸಿಟ್ಟ ಕುರ್ಚಿಗಳು, ತನ್ನದೆಂದು ಇಟ್ಟುಕೊಳ್ಳಲು ಒಂದು ಗೂಡೂ ಇಲ್ಲ. ಕಾನೂನು ಬದಲಾದ ಮಾತ್ರಕ್ಕೆ ಮನೆಯೊಳಗಿನ ಅಭ್ಯಾಸ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಮೆರಿಕದಲ್ಲಿ ಹಗ್ಗಕ್ಕೆ ಸುಧಾರಿತ ರೂಪಗಳು ಬಂದವು: ಎದೆಗೆ ಬಿಗಿಯುವ ಅಂಗಿ, ಮಣಿಕಟ್ಟಿನ ಪಟ್ಟಿ, ಏಳಲಾಗದಂತೆ ಮುಂದೆ ಹಲಗೆ ಕೂಡಿಸಿದ ಕುರ್ಚಿ. 1980ರ ದಶಕದಲ್ಲಿ ಅಲ್ಲಿನ ನರ್ಸಿಂಗ್ ಹೋಮುಗಳಲ್ಲಿ ಇವು ಮಾಮೂಲಾಗಿದ್ದವು. ಕಾರಣ ಕೇಳಿದರೆ ಉತ್ತರ ಸಿದ್ಧವಿತ್ತು: ಬಿಟ್ಟರೆ ಬೀಳುತ್ತಾರೆ, ಸೊಂಟ ಮುರಿಯುತ್ತದೆ, ಮಕ್ಕಳು ಕೋರ್ಟಿಗೆ ಹೋಗುತ್ತಾರೆ. ನಮ್ಮಲ್ಲಿ ಈಗಲೂ ಕೇಳುವ ಮಾತು ಇದೇ ಆದ್ದರಿಂದ ಇದನ್ನು ಗಂಭೀರವಾಗಿ ಪರಿಶೀಲಿಸಬೇಕು. 1987ರಲ್ಲಿ ಅಮೆರಿಕದ ಸಂಸತ್ತು ನರ್ಸಿಂಗ್ ಹೋಮುಗಳ ಸುಧಾರಣೆಗೆ ಕಾನೂನು ತಂದು, ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಕೂಡದು ಎಂದಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಾದಿ ವಿದ್ಯೆ ಕಲಿಸುತ್ತಿದ್ದ ಲೋಯಿಸ್ ಇವಾನ್ಸ್ ಮತ್ತು ನೆವಿಲ್ ಸ್ಟ್ರಂಫ್ ಮೂರು ನರ್ಸಿಂಗ್ ಹೋಮುಗಳಲ್ಲಿ ಪ್ರಯೋಗ ನಡೆಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಬ್ಬಂದಿಗೆ ತರಬೇತಿ ಕೊಟ್ಟು, ಪ್ರತಿಯೊಬ್ಬರ ವಿಷಯದಲ್ಲಿ ಅನುಭವಿ ದಾದಿಯ ಸಲಹೆ ಸಿಗುವಂತೆ ಮಾಡಿದ ಕಡೆ ಕಟ್ಟುವುದು ಗಣನೀಯವಾಗಿ ಇಳಿಯಿತು. ಬಿದ್ದು ಆಗುವ ದೊಡ್ಡ ಗಾಯಗಳು ಹೆಚ್ಚಲಿಲ್ಲ, ಹೆಚ್ಚಿನ ಆಳುಗಳೂ ಬೇಕಾಗಲಿಲ್ಲ. ಕಟ್ಟಿ ಕೂರಿಸಿದವರ ಕಾಲು ಸೋಲುತ್ತದೆ, ಚರ್ಮ ಒಡೆಯುತ್ತದೆ, ಬಿಡಿಸಿಕೊಳ್ಳುವ ಸೆಣಸಾಟದಲ್ಲೇ ಉರುಳುತ್ತಾರೆ. ಬೀಳದಿರಲೆಂದು ಕಟ್ಟುತ್ತೇವೆ ಎಂಬ ಸಮರ್ಥನೆ ಅಲ್ಲಿಗೆ ಮುಗಿಯಬೇಕಿತ್ತು.

ಹಗ್ಗ ಕೈಬಿಟ್ಟ ಕಡೆ ಮಾತ್ರೆ ಬಂತು. ಚಿತ್ತವಿಕಲತೆಗೆಂದು ತಯಾರಾದ ಔಷಧಗಳನ್ನು ಮರೆವಿನವರ ಗಲಾಟೆ ತಗ್ಗಿಸಲು ಧಾರಾಳವಾಗಿ ಬಳಸಿದರು. ಮರೆವಿನ ಮುದುಕರಲ್ಲಿ ಇವು ಸಾವಿನ ಸಂಭವವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ತನ್ನ ಅತಿ ಕಠಿಣ ಎಚ್ಚರಿಕೆ ಕೊಟ್ಟಿತು. 2009ರಲ್ಲಿ ಸುಬೆ ಬ್ಯಾನರ್ಜಿ ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಿದ ವರದಿಯ ಅಂದಾಜಿನಂತೆ ಅಲ್ಲಿ ವರ್ಷಕ್ಕೆ 1,80,000 ಮರೆವಿನ ರೋಗಿಗಳು ಈ ಔಷಧ ತೆಗೆದುಕೊಳ್ಳುತ್ತಿದ್ದರು, ಹೆಚ್ಚೆಂದರೆ 36,000 ಮಂದಿಗೆ ಉಪಯೋಗವಾಗುತ್ತಿತ್ತು, ಸುಮಾರು 1,800 ಸಾವುಗಳು ಈ ಔಷಧದ ಕಾರಣದಿಂದ ಹೆಚ್ಚಾಗಿ ಆಗುತ್ತಿದ್ದವು. ಔಷಧವೇ ಕೂಡದು ಎಂದು ಇದರ ಅರ್ಥವಲ್ಲ. ಭ್ರಮೆಯಿಂದ ನರಳುವ, ತಮಗೋ ಇತರರಿಗೋ ಅಪಾಯ ತಂದುಕೊಳ್ಳುವ ಕೆಲವರಿಗೆ ಅದು ಬೇಕು. ಯಾರಿಗೆ, ಯಾಕೆ, ಎಷ್ಟು ದಿನ ಎಂಬುದಕ್ಕೆ ಉತ್ತರ ಇಲ್ಲದ ಮಾತ್ರೆ ಮಾತ್ರ ಹಗ್ಗದ ಕೆಲಸವನ್ನೇ ಮಾಡುತ್ತದೆ. ಇಡೀ ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿರುವ ಮನೆಯ ನಿಶ್ಶಬ್ದವನ್ನು ನೆಮ್ಮದಿ ಎಂದು ತಿಳಿದು ಮೆಚ್ಚಬಾರದು.

ಬೀಗದ ಪ್ರಶ್ನೆ ಇಷ್ಟು ಸುಲಭದ್ದಲ್ಲ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬರಾವ್ ಬೆಂಗಳೂರಿನ ಜನಜಂಗುಳಿಯಲ್ಲಿ ಕಳೆದುಹೋದಾಗ ಕನ್ನಡದ ಪ್ರೇಕ್ಷಕರಿಗೆ ಆದ ಕಳವಳ ಸಾವಿರಾರು ಮನೆಗಳ ನಿತ್ಯದ ಭಯ. ಬಾಗಿಲು ತೆರೆದಿಡಿ ಎಂದು ಉಪದೇಶ ಮಾಡುವವರು ಈ ಭಯಕ್ಕೆ ಉತ್ತರ ಕೊಡಬೇಕು. ಉತ್ತರ ಹುಡುಕಿದವರು ಕಟ್ಟಡ ಕಟ್ಟುವವರು. 1974ರಲ್ಲಿ ಫಿಲಡೆಲ್ಫಿಯಾದಲ್ಲಿ, ಮನಶ್ಶಾಸ್ತ್ರಜ್ಞ ಪೊವೆಲ್ ಲಾಟನ್ ಅವರ ಆಲೋಚನೆಯಂತೆ, ಮರೆವಿನವರಿಗೆಂದೇ ಯೋಚಿಸಿ ಕಟ್ಟಿದ ವೈಸ್ ಸಂಸ್ಥೆ ತೆರೆಯಿತು. ಆಸ್ಪತ್ರೆಯ ಉದ್ದನೆಯ ಓಣಿಯ ಬದಲು ನಡುವೆ ವಿಶಾಲವಾದ ಅಂಗಳ, ಸುತ್ತ ಕೋಣೆಗಳು. ಬಾಗಿಲು ತೆಗೆದರೆ ಊಟದ ಜಾಗ, ಕೂರುವ ಜಾಗ, ಜನ ಎಲ್ಲ ಕಣ್ಣೆದುರಿಗೇ. ನಮ್ಮ ತೊಟ್ಟಿಮನೆಯ ಲೆಕ್ಕಾಚಾರವೂ ಇದೇ. 2009ರಲ್ಲಿ ನೆದರ್ಲೆಂಡ್ಸಿನ ವೀಸ್ಪ್ ಊರಿನಲ್ಲಿ ಹಳೆಯ ಮಹಡಿ ಕಟ್ಟಡದ ಬದಲು ಹೊಗೆವೆಯ್ಕ್ ಎಂಬ ಪುಟ್ಟ ಬಡಾವಣೆಯನ್ನೇ ಕಟ್ಟಿದರು. ಒಂದೊಂದು ಮನೆಯಲ್ಲಿ ಆರೇಳು ಜನ, ಅಡುಗೆ ಆಯಾ ಮನೆಯಲ್ಲೇ, ಹೊರಗೆ ಬೀದಿ, ತೋಟ, ಅಂಗಡಿ, ಹೋಟೆಲು. ಬಡಾವಣೆಯ ಹೊರಬಾಗಿಲು ಮಾತ್ರ ಮುಚ್ಚಿರುತ್ತದೆ. ಅದೂ ಸೆರೆಯೇ, ಸುಳ್ಳು ಊರು ಎಂದು ಟೀಕಿಸಿದವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಮಂಚದ ಪಕ್ಕದ ಬೀಗಕ್ಕೂ ಬೀದಿಯ ಕೊನೆಯ ಬೀಗಕ್ಕೂ ಇರುವ ಅಂತರ ಅದರೊಳಗೆ ಬದುಕುವವರ ಪಾಲಿಗೆ ಬಹಳ ದೊಡ್ಡದು. ಬೀಗ ಪೂರ್ತಿ ಬೇಡವೆನ್ನಲು ನನಗೆ ಧೈರ್ಯವಿಲ್ಲ. ಅದು ಎಷ್ಟು ದೂರದಲ್ಲಿದೆ, ಅದರೊಳಗೆ ನಡೆದಾಡಲು ಎಷ್ಟು ನೆಲವಿದೆ ಎಂದು ಅಳೆಯಬೇಕು.

ನಮ್ಮ ನಾಡಿನ ಕಥೆಯೂ ಹುಚ್ಚಾಸ್ಪತ್ರೆಯಿಂದಲೇ ಹೊರಡುತ್ತದೆ. ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದ ಲುನಾಟಿಕ್ ಅಸೈಲಮ್ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ಅದೂ, ಅದರ ಜೊತೆಗೆ 1954ರಲ್ಲಿ ಬಂದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದವು. ಅಸೈಲಮ್ಮು ಸಂಶೋಧನೆಯ ಕೇಂದ್ರವಾಗಿ ಬೆಳೆದದ್ದು ಕರ್ನಾಟಕ ಹೆಮ್ಮೆಪಡಬೇಕಾದ ಸಂಗತಿ. ದೇಶದ ಉಳಿದೆಡೆ ಹಗ್ಗ ಮತ್ತು ಸರಪಳಿ ಎಷ್ಟು ಕಾಲ ಉಳಿದವು ಎಂಬುದನ್ನು 2001ರ ಆಗಸ್ಟ್ 6 ತೋರಿಸಿತು. ತಮಿಳುನಾಡಿನ ಏರ್ವಾಡಿಯ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ 28 ಜನ ಸತ್ತರು. ಆ ಬೂದಿಯ ನೆನಪು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಹಿಂದಿದೆ. ಅದರ 95ನೇ ಕಲಂ ಯಾವುದೇ ರೂಪದ ಸರಪಳಿಯನ್ನು ನಿಷೇಧಿಸುತ್ತದೆ. 97ನೇ ಕಲಮಿನ ಪ್ರಕಾರ ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ಉಪಾಯವೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ ದೈಹಿಕವಾಗಿ ತಡೆಯಬಹುದು. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ತಡೆಯುವಂತಿಲ್ಲ. ತಡೆದ ಪ್ರತಿಸಲವೂ ಬರೆದಿಟ್ಟು, 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. 20ನೇ ಕಲಂ ಸ್ವಂತ ಬಟ್ಟೆ ತೊಡುವ ಹಕ್ಕು ಕೊಡುತ್ತದೆ, ಸಮವಸ್ತ್ರದ ಬಲವಂತ ಕೂಡದು ಎನ್ನುತ್ತದೆ. ಈ ಕಾಯಿದೆ ಮಾನಸಿಕ ಅಸ್ವಾಸ್ಥ್ಯವನ್ನು ವಿವರಿಸುವಾಗ ನೆನಪಿನ ತೀವ್ರ ಏರುಪೇರನ್ನೂ ಸೇರಿಸಿಕೊಂಡಿದೆ. ತಮ್ಮದು ಬರೀ ವೃದ್ಧಾಶ್ರಮ, ಈ ನಿಯಮ ತಮಗಲ್ಲ ಎನ್ನುವ ಮನೆಯವರು ಮರೆವಿನವರನ್ನು ಸೇರಿಸಿಕೊಳ್ಳುತ್ತಿದ್ದರೆ ಆ ಮಾತನ್ನು ನಾನಂತೂ ಒಪ್ಪಲಾರೆ.

ಇಷ್ಟಕ್ಕೆಲ್ಲ ಒಂದು ಮೂಲಭೂತ ಆಕ್ಷೇಪವಿದೆ. ಇಂಥ ಮನೆಗಳೇ ನಮ್ಮ ಸಂಸ್ಕೃತಿಯಲ್ಲ, ಹಿಂದೆ ಅಜ್ಜ ಅಜ್ಜಿಯರು ಜಗುಲಿಯ ಮೇಲೇ ಮರೆವಿನ ದಿನಗಳನ್ನು ಕಳೆದರು, ಕೂಡು ಕುಟುಂಬ ಅವರನ್ನು ನೋಡಿಕೊಂಡಿತು ಎಂಬುದು. ನೋಡಿಕೊಂಡದ್ದು ನಿಜ. ಆದರೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡು ವರ್ಷದ ಆಸುಪಾಸು. ಎಳವೆಯ ಸಾವುಗಳೇ ಆ ಸಂಖ್ಯೆಯನ್ನು ಇಳಿಸಿದ್ದವು ಎಂದು ಒಪ್ಪಿದರೂ, ಎಂಬತ್ತು ಮುಟ್ಟುವವರು ಊರಿಗೆ ಬೆರಳೆಣಿಕೆಯಷ್ಟು. ಅವರನ್ನು ಹಗಲಿರುಳು ನೋಡಿಕೊಂಡವರು ಸೊಸೆ, ವಿಧವೆ ಮಗಳು, ತಂಗಿ. ಅವರ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಬೇಡ ಎನ್ನುವ ಅವಕಾಶವೂ ಅವರಿಗಿರಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು ಅಂದಾಜು ಮಾಡಿದೆ. ಈ ಭಾರವನ್ನು ಅದೇ ಹೆಗಲುಗಳ ಮೇಲೆ ಹೊರಿಸಿ ಸಂಸ್ಕೃತಿ ಎಂದು ಕರೆಯುವುದು ನ್ಯಾಯವಲ್ಲ. ಮನೆಯಲ್ಲೂ ಹಗ್ಗ ಬೀಗಗಳಿವೆ. ನೋಡಿಕೊಳ್ಳುವವಳು ಒಬ್ಬಳೇ ಆದಾಗ ಹೊರಗಿನಿಂದ ಚಿಲಕ ಹಾಕಿ ಅಂಗಡಿಗೆ ಹೋಗದೆ ಬೇರೆ ದಾರಿ ಇರುವುದಿಲ್ಲ.

ಈ ಅರಿವಿನಿಂದಲೇ 1992ರಲ್ಲಿ ಕೇರಳದ ಕುನ್ನಂಕುಳಂನಲ್ಲಿ ಡಾ. ಕೆ. ಜೇಕಬ್ ರಾಯ್ ಮತ್ತು ಸಂಗಡಿಗರು ದೇಶದ ಆಲ್ಜೈಮರ್ ಸಂಘಟನೆ ಕಟ್ಟಿದರು. ಬೆಂಗಳೂರಿನಲ್ಲಿ 1998ರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹುಟ್ಟಿ, 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನವರಿಗೆಂದೇ ಕೇಂದ್ರ ತೆರೆಯಿತು. ಆಮೇಲೆ ನಗರದಲ್ಲಿ ಖಾಸಗಿ ಮನೆಗಳು ಹೆಚ್ಚಿವೆ. ಅವುಗಳಲ್ಲಿ ಆಯುವ ಕನ್ನಡಿಗರು ಚರಿತ್ರೆ ಹೇಳದ ಇನ್ನೊಂದನ್ನೂ ನೋಡಬೇಕು. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಇಂಗ್ಲಿಷು ಹಿಂದಿಗಳು ಜಾರಿ, ಎಳೆಯಂದಿನ ಮಾತೇ ಉಳಿಯುವುದು ಸಾಮಾನ್ಯ. ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲದಿದ್ದರೆ ನೀರು ಬೇಕು ಎಂಬ ಮಾತೂ ಗಲಾಟೆಯಾಗಿ ಕೇಳುತ್ತದೆ, ಗಲಾಟೆಗೆ ಮಾತ್ರೆ ಬರುತ್ತದೆ.

ಒಳ್ಳೆಯ ಮನೆ ದುಬಾರಿ, ಬಡವರು ಏನು ಮಾಡಬೇಕು ಎಂಬ ಆಕ್ಷೇಪಕ್ಕೆ ಮಾತ್ರ ಚರಿತ್ರೆಯಲ್ಲಿ ಸಮಾಧಾನವಿಲ್ಲ. ಆಗಸ್ಟೆಯ ಗಂಡನ ಕಷ್ಟ ಇಂದಿಗೂ ಹಾಗೆಯೇ ಇದೆ. 2007ರ ಹಿರಿಯ ನಾಗರಿಕರ ಕಾಯಿದೆ ಪ್ರತಿ ಜಿಲ್ಲೆಯಲ್ಲಿ 150 ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಮದ ಮಾತಾಡುತ್ತದೆ, ಮರೆವಿನವರಿಗೆ ಬೇಕಾದ ತರಬೇತಾದ ಆರೈಕೆಯನ್ನು ಕಡ್ಡಾಯ ಮಾಡುವುದಿಲ್ಲ. ಇದನ್ನು ರಾಜ್ಯ ಸರ್ಕಾರವೇ ಕೈಗೆತ್ತಿಕೊಳ್ಳಬೇಕು, ನಾವು ಪಟ್ಟುಹಿಡಿದು ಕೇಳಬೇಕು. ಅಲ್ಲಿಯವರೆಗೆ, ಹಣ ಕೊಟ್ಟು ಸೇರಿಸುವವರು ಸಹಿ ಹಾಕುವ ಮುನ್ನ ಮೂರು ಕಾಗದಗಳನ್ನು ಕೇಳಿ ಪಡೆಯಿರಿ: ಸಂಸ್ಥೆಯ ನೋಂದಣಿ ಪತ್ರ, ದೈಹಿಕವಾಗಿ ತಡೆದ ಪ್ರಸಂಗಗಳನ್ನು ಬರೆದಿಡುವ ಪುಸ್ತಕ, ನಿಮ್ಮವರಿಗೆ ಕೊಡುವ ಪ್ರತಿ ಮಾತ್ರೆಯ ಹೆಸರು ಮತ್ತು ಕಾರಣ. ಹೇಳದೆ ಕೇಳದೆ ಒಂದು ಸಂಜೆ ಹೋಗಿ ನೋಡಲು ಬಿಡುತ್ತಾರೆಯೆ ಎಂದೂ ವಿಚಾರಿಸಿ. ಬಿಡುವುದಿಲ್ಲ ಎಂದರೆ ಬೇರೆ ಮನೆ ಹುಡುಕಿ.