ಪಥ್ಯ ಎಂಬ ಮಾತು

ಊಟ, ನಡೆವಳಿಕೆ, ಆರೋಗ್ಯ ಇವುಗಳ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ನಾನು ವೈದ್ಯನಲ್ಲವಲ್ಲ ಎಂದು ಹಿಂಜರಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದವನಿಗೆ ತಿಳಿದಿರುವುದು ಶಬ್ದಗಳ ವಿಚಾರವಷ್ಟೆ. ಆದ್ದರಿಂದ ಒಂದೇ ಒಂದು ಶಬ್ದವನ್ನು ಹಿಡಿದುಕೊಂಡು ಹೊರಡುತ್ತೇನೆ. ಅದು 'ಪಥ್ಯ'.

ಪಥ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಉಪ್ಪು ಹುಳಿ ಖಾರಗಳಿಲ್ಲದ ಗಂಜಿ ಮತ್ತು ಅದನ್ನು ನೋಡುತ್ತ ಕುಳಿತ ಒಂದು ಸಪ್ಪೆ ಮುಖ. ಬಿಡುವುದು, ಬೇಡವೆನ್ನುವುದು, ಬಾಯಿ ಕಟ್ಟುವುದು ಎಂಬುದೇ ಅದರ ಅರ್ಥವಾಗಿಬಿಟ್ಟಿದೆ. ಆದರೆ ನಮ್ಮ ಆಡುಮಾತಿನಲ್ಲಿ ಇನ್ನೊಂದು ಬಳಕೆಯೂ ಉಂಟು. "ಆತನ ಮಾತು ನನಗೆ ಪಥ್ಯವಾಗಲಿಲ್ಲ" ಎನ್ನುತ್ತೇವೆ. ಹಿಡಿಸಲಿಲ್ಲ, ಮನಸ್ಸಿಗೆ ಒಗ್ಗಲಿಲ್ಲ ಎಂದು ಅದರ ಭಾವ. ಒಂದೇ ಶಬ್ದ ಅಡಿಗೆಮನೆಯಲ್ಲಿ ಹಿಡಿಸದ ಊಟವನ್ನೂ ಜಗಲಿಯಲ್ಲಿ ಹಿಡಿಸುವ ಮಾತನ್ನೂ ಹೇಳುವುದು ಹೇಗೆ? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಉತ್ತರ ಸಿಕ್ಕಿದ್ದು ಚರಕಸಂಹಿತೆಯಲ್ಲಿ. ಪಥ, ಎಂದರೆ ದಾರಿ. ದೇಹದ ದಾರಿಗಳಿಗೆ ಅಡ್ಡಬರದೆ ಇರುವುದು ಪಥ್ಯ ಎಂದು ಆ ಗ್ರಂಥದ ಸೂತ್ರಸ್ಥಾನ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಮನಸ್ಸಿಗೆ ಪ್ರಿಯವಾಗಿರುವುದನ್ನೂ ಅದೇ ಲಕ್ಷಣದೊಳಗೆ ಸೇರಿಸುತ್ತದೆ. ಪ್ರಿಯವಾದದ್ದೆಲ್ಲ ಪಥ್ಯವೆಂದು ಇದರ ಅರ್ಥವಲ್ಲ. ಪ್ರಮಾಣ, ಕಾಲ, ಸಿದ್ಧಪಡಿಸಿದ ರೀತಿ, ಭೂಮಿ, ದೇಹ, ದೋಷ ಇವು ಬದಲಾದರೆ ಪಥ್ಯವೇ ಅಪಥ್ಯವಾಗುತ್ತದೆಂಬ ಎಚ್ಚರಿಕೆಯೂ ಅದರ ಬೆನ್ನಿಗೇ ಇದೆ. ನಮ್ಮ ಆಡುಮಾತು ಆ ಹಳೆಯ ಅರ್ಥದ ಅರ್ಧವನ್ನು ಉಳಿಸಿಕೊಂಡಿತು; ಅಡಿಗೆಮನೆ ಆ ಅರ್ಧವನ್ನೇ ಕಳೆದುಕೊಂಡಿತು.

ವಿಮಾನಸ್ಥಾನದ ಮೊದಲನೆಯ ಅಧ್ಯಾಯ ಇನ್ನೂ ಸ್ವಾರಸ್ಯವಾಗಿದೆ. ಆಹಾರವನ್ನು ಅಳೆಯಬೇಕಾದ ಎಂಟು ಸಂಗತಿಗಳನ್ನು ಅಲ್ಲಿ ಎಣಿಸಿದ್ದಾರೆ. ಪದಾರ್ಥದ ಸ್ವಭಾವ, ಅದಕ್ಕೆ ಮಾಡಿದ ಸಂಸ್ಕಾರ, ಬೆರಕೆ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ, ಇಷ್ಟು ಏಳಾಯಿತು. ಎಂಟನೆಯದು ಉಣ್ಣುವವನು. ಅವನ ಅಭ್ಯಾಸ, ಅವನಿಗೆ ಬೆಳೆದಂದಿನಿಂದ ಒಗ್ಗಿರುವುದು ಯಾವುದು ಎಂಬುದನ್ನು ವಿಚಾರಿಸದೆ ಉಳಿದ ಏಳನ್ನು ಬಲ್ಲವನು ಅರ್ಧ ವೈದ್ಯನೇ ಸರಿ. ಕೆಟ್ಟ ಅಭ್ಯಾಸವನ್ನು ಬಿಡಿಸುವಾಗಲೂ ಒಮ್ಮೆಗೇ ಕಿತ್ತುಹಾಕಬಾರದು, ಕಾಲು ಕಾಲು ಭಾಗವಾಗಿ, ನಡುವೆ ದಿನ ಬಿಟ್ಟು ತಗ್ಗಿಸಬೇಕು ಎಂಬ ಕ್ರಮವೂ ಆ ಗ್ರಂಥದಲ್ಲಿದೆ. ಸುಮಾರು 2000 ವರ್ಷಗಳ ಹಿಂದಿನ ಈ ಮಾತನ್ನು ಓದುವಾಗ, ಎದುರಿಗೆ ಕುಳಿತ ರೋಗಿಯ ದುರ್ಬಲತೆಯನ್ನು ಕಂಡು ಅನುಭವಿಸಿದವರು ಹೇಳಿದ ಮಾತಿದು ಎನಿಸುತ್ತದೆ.

ಕನ್ನಡ ನಾಡು ಈ ವಿಚಾರವನ್ನು ತನ್ನ ರೀತಿಯಲ್ಲಿ ಬೆಳೆಸಿತು. ಅಮೋಘವರ್ಷ ನೃಪತುಂಗನ ಕಾಲದ, ಎಂದರೆ 9ನೆಯ ಶತಮಾನದ ಉಗ್ರಾದಿತ್ಯ 'ಕಲ್ಯಾಣಕಾರಕ'ವನ್ನು ಸಂಸ್ಕೃತದಲ್ಲಿ ಬರೆದ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. ಮಾಂಸ, ಮದ್ಯ, ಮಧು ಇವಿಲ್ಲದೆಯೇ ಚಿಕಿತ್ಸೆ ನಡೆಸುವುದು ಈ ಜೈನ ವೈದ್ಯರ ಹಟ. ಸರಿಯೋ ತಪ್ಪೋ ಎಂಬುದನ್ನು ವೈದ್ಯರು ಹೇಳಲಿ. ನನಗೆ ಮುಖ್ಯವೆನಿಸುವುದು, ಉಣ್ಣುವವನ ವ್ರತವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು ಎಂಬುದು. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕವೂ ವೈದ್ಯವೂ ಒಂದೇ ಹೊತ್ತಗೆಯ ಅಕ್ಕಪಕ್ಕದ ನಿವಾಸಿಗಳು. ಕಲ್ಯಾಣದ ಮೂರನೆಯ ಸೋಮೇಶ್ವರ 1129ರ ಸುಮಾರಿನ 'ಮಾನಸೋಲ್ಲಾಸ'ದಲ್ಲಿ ಅರಸನ ಊಟವನ್ನು ವರ್ಣಿಸುವಾಗಲೂ ಋತುವನ್ನು ಮರೆಯಲಿಲ್ಲ. ನಮ್ಮ ಹುಣಸೂರಿನ ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನಂತೂ 16ನೆಯ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಅಡಿಗೆಯನ್ನು ಛಂದಸ್ಸಿಗೆ ಯೋಗ್ಯವೆಂದು ತಿಳಿದವರು ನಮ್ಮ ಹಿರಿಯರು. (ನಮ್ಮ ಬಿ.ಎ. ತರಗತಿಗಳಲ್ಲಿ ಈ ಗ್ರಂಥದ ಹೆಸರು ಹೇಳಿದೊಡನೆ ಹುಡುಗರು ನಗುತ್ತಿದ್ದರು. ಮಧ್ಯಾಹ್ನದ ಹೊತ್ತಾದರೆ ಮಾತ್ರ ಗಂಭೀರವಾಗಿ ಕೇಳುತ್ತಿದ್ದರು.)

ಇಷ್ಟು ಹೇಳಿ ನಮ್ಮ ಪರಂಪರೆ ದೊಡ್ಡದೆಂದು ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತೆ ಆಗುತ್ತದೆ. 1969ರ ಬೇಸಿಗೆ, ನನಗೆ ಹನ್ನೆರಡು ವರ್ಷ. ನನ್ನ ಅಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಕತ್ತಲೆ ಕೋಣೆ, ಮಂಚದ ಕೆಳಗೆ ಕೆಂಡ, ಸಾಂಬ್ರಾಣಿಯ ಹೊಗೆ. ಎರಡು ಹೊತ್ತು ಒಣ ಅನ್ನ, ಅದರ ಮೇಲೆ ಎರಡು ಸೌಟು ಮೆಣಸಿನ ಸಾರು. ನೀರು ಮಾತ್ರ ಇಲ್ಲ. ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತವಾಗುತ್ತದೆ, ತಾಯಿಗೆ ಹೊಟ್ಟೆ ಬರುತ್ತದೆ ಎಂಬುದು ನಮ್ಮ ಅಜ್ಜಿಯ ಸಿದ್ಧಾಂತ. ದಿನಕ್ಕೆ ಎರಡು ಸಲ, ಒಂದು ಸಣ್ಣ ಲೋಟದಲ್ಲಿ ಅರ್ಧ. ಅಕ್ಕನ ತುಟಿ ಒಡೆದಿತ್ತು. "ತಮ್ಮಯ್ಯಾ, ಒಂದು ಗುಟುಕು ತಾರೋ" ಎಂದು ಆಕೆ ಪಿಸುಗುಟ್ಟಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಒಂದು ಮಧ್ಯಾಹ್ನ ಚೊಂಬು ತುಂಬಿಕೊಂಡು ಒಳಗೆ ಹೋದೆ. ಹೊಸಿಲಲ್ಲೇ ಅಜ್ಜಿಯ ಕೈಗೆ ಸಿಕ್ಕಿಬಿದ್ದೆ. ಬೆನ್ನಿಗೆ ಬಿದ್ದ ಪೆಟ್ಟಿಗಿಂತ, ಅಂಗಳಕ್ಕೆ ಚೆಲ್ಲಿದ ಆ ನೀರು ನನಗೆ ಹೆಚ್ಚು ನೋವು ಕೊಟ್ಟಿತು. ಎಂಟು ಹತ್ತು ದಿನಗಳಲ್ಲಿ ಅಕ್ಕನಿಗೆ ಹಾಲು ಬತ್ತಿತು. ಮಗು ಹಸುವಿನ ಹಾಲಿನಲ್ಲಿ ಹೇಗೋ ಉಳಿದುಕೊಂಡಿತು.

ಅಜ್ಜಿ ಕೆಟ್ಟವರಲ್ಲ. ಏಳು ಮಕ್ಕಳನ್ನು ಹೆತ್ತು ಮೂವರನ್ನು ಕಳೆದುಕೊಂಡ ಹೆಂಗಸು. ಭಯವೇ ಅವರ ಶಾಸ್ತ್ರವಾಗಿತ್ತು. ಎಷ್ಟೋ ವರ್ಷಗಳ ಮೇಲೆ ನಾನು ಚರಕಸಂಹಿತೆಯ ಶಾರೀರಸ್ಥಾನವನ್ನು ತೆರೆದು ಬಾಣಂತಿಯ ಉಪಚಾರವನ್ನು ಹುಡುಕಿದೆ. ಆಕೆಯ ಶಕ್ತಿಯನ್ನು ನೋಡಿಕೊಂಡು ತುಪ್ಪವನ್ನೋ ಎಣ್ಣೆಯನ್ನೋ ಕೊಡಬೇಕು. ಅದು ಜೀರ್ಣವಾದ ಮೇಲೆ ಹಿಪ್ಪಲಿ ಮೊದಲಾದವುಗಳಿಂದ ಸಿದ್ಧಪಡಿಸಿದ ಗಂಜಿಯನ್ನು ಜಿಡ್ಡು ಬೆರೆಸಿ, ತೆಳ್ಳಗೆ, ಹದವರಿತು ಕುಡಿಸಬೇಕು ಎಂದಿದೆ. ತೆಳ್ಳಗೆ! ಕುಡಿಸಬೇಕು! ಆ ಎರಡು ಪದಗಳ ಮುಂದೆ ನಾನು ಬಹಳ ಹೊತ್ತು ಪುಸ್ತಕವನ್ನು ಹಾಗೆಯೇ ಹಿಡಿದು ಕುಳಿತಿದ್ದೆ. ಪುಸ್ತಕದಿಂದ ಹಿತ್ತಿಲಿಗೆ ಬರುವಷ್ಟರಲ್ಲಿ ಎಂಟು ಪ್ರಶ್ನೆಗಳು ಕಳಚಿಹೋಗಿ ಒಂದು ಆಜ್ಞೆ ಮಾತ್ರ ಉಳಿದಿತ್ತು. ಉಣ್ಣುವವಳನ್ನು ಕೇಳುವವರೇ ಇರಲಿಲ್ಲ.

ಕೇಳದೆ ಇರುವ ದೋಷ ಹಳಬರಿಗೆ ಮಾತ್ರ ಮೀಸಲೆಂದು ತಿಳಿಯಬೇಡಿ. ಕೂನೂರಿನಲ್ಲಿ ಪೋಷಣೆಯ ಸಂಶೋಧನೆ ನಡೆಸಿದ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ದೊಡ್ಡ ವಿಜ್ಞಾನಿ 1920ರ ದಶಕದಲ್ಲಿ ಭಾರತದ ಬೇರೆ ಬೇರೆ ಜನರ ಊಟವನ್ನು ಇಲಿಗಳಿಗೆ ತಿನ್ನಿಸಿ ಹೋಲಿಸಿದರು. ಇಡೀ ಗೋಧಿಯ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಸಿಖ್ಖರ ಇಲಿಗಳು ಮೊದಲು. ಅಕ್ಕಿಯನ್ನೇ ನಂಬಿದ ಮದರಾಸಿನ ಇಲಿಗಳು ಕೊನೆಗೆ. ನಮ್ಮ ಕನ್ನಡಿಗರ ಇಲಿಗಳು ಏಳರಲ್ಲಿ ಐದನೆಯವು. ಗಿರಣಿಯ ಬಿಳಿ ಅಕ್ಕಿಯ ಬಡತನವನ್ನು ತೋರಿಸಿಕೊಟ್ಟದ್ದಕ್ಕೆ ನಾವು ಅವರಿಗೆ ಋಣಿಗಳು. ಆದರೆ ಯಾವ ಕನ್ನಡಿಗ ಎಂದು ಕೇಳಬೇಕೆನಿಸುತ್ತದೆ. ಮಂಡ್ಯದ ಮುದ್ದೆಯವನೆ, ಬಿಜಾಪುರದ ಜೋಳದ ರೊಟ್ಟಿಯವನೆ, ಕರಾವಳಿಯ ಕುಚ್ಚಲಕ್ಕಿಯವನೆ?

ನಾನೂ ಮುದ್ದೆಯ ಮನೆಯವನೇ. ಕಾಲೇಜಿನಲ್ಲಿ ಕೆಲಸ ಸಿಕ್ಕೊಡನೆ ಮುದ್ದೆಯನ್ನು ಬಿಟ್ಟು ಬಿಳಿ ಅನ್ನಕ್ಕೆ ಬಂದೆ. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿ ಗೆದ್ದ ಕಥೆಯನ್ನು ತರಗತಿಯಲ್ಲಿ ಉತ್ಸಾಹದಿಂದ ಪಾಠ ಹೇಳಿ, ಮನೆಗೆ ಬಂದು ಅನ್ನ ಉಣ್ಣುತ್ತಿದ್ದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿತು. ಒಂದು ಆಸ್ಪತ್ರೆಯಲ್ಲಿ ಮಾತ್ರೆಯ ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟರು. ಅದರಲ್ಲಿ ನಮ್ಮ ಮನೆಯಲ್ಲಿ ಎಂದೂ ಬೇಯಿಸದ ಪದಾರ್ಥಗಳೇ ಹೆಚ್ಚು. ಎರಡು ವಾರ ಪಾಲಿಸಿದೆ, ಮೂರನೆಯ ವಾರ ಮದುವೆಮನೆಯೊಂದರಲ್ಲಿ ಸೇಡು ತೀರಿಸಿಕೊಂಡೆ.

ಆಮೇಲೆ ಬೇರೊಂದು ಕಡೆ ಆಹಾರ ಸಲಹೆ ಹೇಳುವ ಒಬ್ಬ ಹುಡುಗಿ ಸಿಕ್ಕಿದಳು. ನನ್ನ ಶಿಷ್ಯೆಯರ ಮಕ್ಕಳ ವಯಸ್ಸು. ಬರೆದುಕೊಡುವ ಮೊದಲು ಅರ್ಧ ಗಂಟೆ ಕೇಳಿದಳು. ಯಾವ ಊರು, ಚಿಕ್ಕಂದಿನಲ್ಲಿ ಏನು ಉಣ್ಣುತ್ತಿದ್ದಿರಿ, ಅಡಿಗೆ ಯಾರದು, ಎಷ್ಟು ಹೊತ್ತಿಗೆ ಊಟ, ಓದುತ್ತ ಉಣ್ಣುತ್ತೀರಾ, ನಿದ್ದೆ ಹೇಗೆ? ಮನಸ್ಸಿನಲ್ಲಿ ಎಣಿಸುತ್ತ ಹೋದೆ. ಚರಕದ ಎಂಟೂ ಬಂದವು. ಆಕೆ ಚರಕವನ್ನು ಓದಿದವಳಲ್ಲ. ಮುದ್ದೆಗೆ ಹಿಂದಿರುಗುತ್ತೇನೆಂದು ಹೆಮ್ಮೆಯಿಂದ ಹೇಳಿದರೆ, "ರಾಗಿಯಾದರೂ ಎರಡು ಮುದ್ದೆ ತಿಂದರೆ ಸಕ್ಕರೆ ಏರುತ್ತೆ, ಸಾರ್. ಚಿಕ್ಕದೊಂದು ಸಾಕು, ಸೊಪ್ಪು ಕಾಳು ಹೆಚ್ಚು ಮಾಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ" ಎಂದಳು. ಕಾಫಿಯ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿದಳು. ದಿನಾ ನಡೆಯಲೇಬೇಕೆಂದಾಗ, ಪ್ರಮೇಹದ ಬಡರೋಗಿ ಚಪ್ಪಲಿ, ಕೊಡೆಗಳಿಲ್ಲದೆ ನೂರು ಯೋಜನ ನಡೆಯಲಿ, ಇಲ್ಲವೇ ಬಾವಿ ತೋಡಲಿ ಎಂದು ಸುಶ್ರುತ ಹೇಳಿರುವುದನ್ನು ತಿಳಿಸಿದೆ. "ನೀವು ಚಪ್ಪಲಿ ಹಾಕಿಕೊಂಡೇ ನಡೀರಿ, ಸಾರ್. ಸಕ್ಕರೆ ಇರೋರು ಪಾದ ಜೋಪಾನ ಮಾಡಬೇಕು" ಎಂದಳು. ಸುಶ್ರುತನನ್ನು ಅಷ್ಟು ಮರ್ಯಾದೆಯಿಂದ ತಿದ್ದಿದವರನ್ನು ನಾನು ಕಂಡಿಲ್ಲ.

ಹೋದ ವರ್ಷ ಅಕ್ಕನಿಗೂ ಸಕ್ಕರೆ ಕಾಣಿಸಿತು. ಎಪ್ಪತ್ತೈದರ ಸಮೀಪದ ಆಕೆ ಇಂದಿಗೂ ತಲೆದಿಂಬಿನ ಪಕ್ಕದಲ್ಲಿ ಒಂದು ಚೊಂಬು ನೀರಿಲ್ಲದೆ ಮಲಗುವುದಿಲ್ಲ. ಅದೇ ಹುಡುಗಿಯ ಬಳಿಗೆ ಕರೆದುಕೊಂಡು ಹೋದೆ. ಇನ್ನು ಏನೇನು ಬಿಡಬೇಕೋ ಎಂದು ಅಕ್ಕ ದಾರಿಯುದ್ದಕ್ಕೂ ಮೌನವಾಗಿದ್ದಳು. "ನಿಮಗೆ ಏನಿಷ್ಟ, ಅಮ್ಮಾ?" ಎಂಬುದು ಹುಡುಗಿಯ ಮೊದಲ ಪ್ರಶ್ನೆ. ಅಕ್ಕ ನನ್ನ ಮುಖ ನೋಡಿದಳು. ತುಸು ಹೊತ್ತಾದ ಮೇಲೆ, ಹುಣಿಸೆಹಣ್ಣಿನ ಗೊಜ್ಜು ಎಂದಳು.

"ಮಾಡಿಕೊಳ್ಳಿ, ಬೆಲ್ಲ ಕಡಿಮೆ ಹಾಕಿ" ಎಂದು ಹುಡುಗಿ ಬರೆದುಕೊಂಡಳು.