ಹಳೆ ಕಾರಿಗೆ ಸೆಕೆಂಡ್ ಹ್ಯಾಂಡ್ ಎಂಜಿನ್: ದುಡ್ಡು ಕೊಡುವ ಮೊದಲು ನೋಡಬೇಕಾದದ್ದು

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆ ಈಗಲೂ ಎಷ್ಟೋ ಮನೆಯಂಗಳದಲ್ಲಿ ಮಾರುತಿ 800, ಹಳೆ ಆಲ್ಟೊ, ಓಮ್ನಿ ನಿಂತಿರುವುದು ಕಾಣುತ್ತದೆ. ಉಪ್ಪ ಗಲ್ಫ್‌ನಿಂದ ರಜೆಯಲ್ಲಿ ಬಂದಾಗ ತೆಗೆದ ಗಾಡಿ, ಬಾಡಿ ಇನ್ನೂ ಗಟ್ಟಿ ಉಂಟು, ಉಮ್ಮನನ್ನು ತಲಪಾಡಿ ದಾಟಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದರಲ್ಲೇ. ಒಂದು ದಿನ ಹೈವೇಯಲ್ಲಿ ಬಿಸಿಯಾಗಿ ನಿಂತುಬಿಡುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಇದು ಬಿಚ್ಚಿ ಮಾಡಿದ್ರೆ ಲೆಕ್ಕಕ್ಕೆ ಸಿಗ್ಲಿಕ್ಕಿಲ್ಲ, ಗುಜರಿಯಿಂದ ಒಂದು ಎಂಜಿನ್ ತಂದು ಕೂರಿಸುವ" ಅನ್ನುತ್ತಾನೆ. ಹೊಸ ಕಾರಿಗೆ ಸಾಲ ಮಾಡಲು ಮನಸ್ಸಿಲ್ಲದ ಮನೆಗಳಿಗೆ ಇದು ಒಳ್ಳೆಯ ದಾರಿಯೇ. ಆದರೆ ಕಾಗದ ನೋಡದೆ ತಂದ ಎಂಜಿನ್ ಕಾರನ್ನು ಓಡಿಸುತ್ತದೆ, ಮಾಲಕನನ್ನು ಆರ್‌ಟಿಒ ಮತ್ತು ಪೊಲೀಸ್ ಠಾಣೆಯಲ್ಲಿ ನಿಲ್ಲಿಸುತ್ತದೆ.

ಮೊದಲು ಎಂಜಿನ್ ನಿಜವಾಗಿ ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ

ಬಿಸಿಯಾಗಿ ನಿಂತ ಎಂಜಿನ್ ಎಲ್ಲ ಸತ್ತ ಎಂಜಿನ್ ಅಲ್ಲ. ಹೆಡ್ ಗ್ಯಾಸ್ಕೆಟ್ ಮಾತ್ರ ಹೋಗಿರಬಹುದು. ಹೆಡ್ ಸ್ವಲ್ಪ ಬಾಗಿದ್ದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ ಮತ್ತೆ ಕೂರಿಸಬಹುದು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಅದು ಪಿಸ್ಟನ್ ರಿಂಗ್ ಸವೆದದ್ದರಿಂದಲೂ ಆಗ್ತದೆ, ಬರೀ ವಾಲ್ವ್ ಸೀಲ್ ಹೋಗಿದ್ದರೂ ಆಗ್ತದೆ. ಎರಡರ ಖರ್ಚಿಗೂ ಆಕಾಶ ಭೂಮಿಯ ಅಂತರ.

ಇದನ್ನು ತಿಳಿಯಲು ಕಂಪ್ರೆಶನ್ ಟೆಸ್ಟ್ ಸಾಕು. ಎಂಜಿನ್ ಬಿಸಿ ಇರುವಾಗ ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲಿ ಚದರ ಸೆಂಟಿಮೀಟರಿಗೆ 12 ಕೆಜಿ, ಅಂದರೆ ಸುಮಾರು 170 ಪಿಎಸ್‌ಐಗಿಂತ ಮೇಲೆ ಬಂದರೆ ಆರೋಗ್ಯ ಚೆನ್ನಾಗಿದೆ. ಸಿಲಿಂಡರ್ ಸಿಲಿಂಡರ್ ನಡುವೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ದೋಷ ರಿಂಗ್‌ನಲ್ಲಿ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿ. ಗೇಜ್ ಇಲ್ಲದ ಮೆಕ್ಯಾನಿಕ್ ಬರೀ ಶಬ್ದ ಕೇಳಿ "ಎಂಜಿನ್ ಹೋಯ್ತು" ಅಂದರೆ ಇನ್ನೊಬ್ಬನ ಹತ್ತಿರ ತೋರಿಸುವುದರಲ್ಲಿ ತಪ್ಪಿಲ್ಲ.

ಕನೆಕ್ಟಿಂಗ್ ರಾಡ್ ತುಂಡಾಗಿ ಬ್ಲಾಕ್ ಒಡೆದಿದ್ದರೆ, ಬ್ಲಾಕ್‌ನಲ್ಲಿ ಬಿರುಕು ಬಿಟ್ಟಿದ್ದರೆ, ಆಯಿಲ್ ಇಲ್ಲದೆ ಓಡಿ ಕ್ರ್ಯಾಂಕ್ ಶಾಫ್ಟ್ ಕೆಟ್ಟಿದ್ದರೆ ಆಗ ಬೇರೆ ಎಂಜಿನ್ ಯೋಚಿಸುವುದು ಸರಿ.

ಯಾವ ಕಾರಿಗೆ ಯಾವ ಎಂಜಿನ್

ಜನ ಹೆಚ್ಚು ಎಡವುವುದು ಇಲ್ಲಿ. "ಎಲ್ಲ ಮಾರುತಿಯೇ ಅಲ್ವಾ, ಕೂರ್ತದೆ" ಅನ್ನುವ ಮಾತನ್ನು ನಂಬಬೇಡಿ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, 2014ರ ಜನವರಿವರೆಗೆ ತಯಾರಾಯಿತು. ಅದರ ಎಫ್8ಬಿ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಸಿಲಿಂಡರಿಗೆ ಎರಡು ವಾಲ್ವ್. ಮೊದಮೊದಲು ಕಾರ್ಬ್ಯುರೇಟರ್ ಇತ್ತು, 2000ದ ಆಸುಪಾಸಿನಿಂದ ಎಂಪಿಎಫ್‌ಐ ಬಂತು. ಆಲ್ಟೊದ ಎಫ್8ಡಿ ಕೂಡ 796 ಸಿಸಿ, ಮೂರೇ ಸಿಲಿಂಡರ್; ಆದರೆ ಸಿಲಿಂಡರಿಗೆ ನಾಲ್ಕು ವಾಲ್ವ್, ಶಕ್ತಿ ಹೆಚ್ಚು. 800ರ ಕೆಲವು ಮಾದರಿಗಳಿಗೂ ಈ ನಾಲ್ಕು ವಾಲ್ವಿನ ಎಂಜಿನ್ ಬಂದಿತ್ತು. ಆದ್ದರಿಂದ ಕಾರಿನ ಹೆಸರು ನೋಡಿ ಎಂಜಿನ್ ಕೇಳಬೇಡಿ, ಆರ್‌ಸಿಯಲ್ಲಿರುವ ಎಂಜಿನ್ ನಂಬರಿನ ಮೊದಲ ಅಕ್ಷರ ನೋಡಿ ಕೇಳಿ.

ಓಮ್ನಿಯದ್ದೂ 796 ಸಿಸಿಯೇ. ಆದರೆ ಓಮ್ನಿಯಲ್ಲಿ ಎಂಜಿನ್ ಸೀಟಿನಡಿಯಲ್ಲಿ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, 800ರಲ್ಲಿ ಮುಂದೆ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಒಳಗಿನ ಬಂಧುತ್ವ ಏನೇ ಇರಲಿ, ಹೊರಗಿನ ಜೋಡಣೆ ಬೇರೆ. 2012ರಲ್ಲಿ ಬಂದ ಆಲ್ಟೊ 800ರ ಎಂಜಿನಿಗೂ ಎಫ್8ಡಿ ಎಂದೇ ಹೆಸರು. ಅದನ್ನು ಹಳೆ ಆಲ್ಟೊಗೆ ಹಾಕಲು ಹೊರಟರೆ ಸೆನ್ಸರ್, ಮ್ಯಾನಿಫೋಲ್ಡ್, ವೈರಿಂಗ್ ಎಂದು ಒಂದೊಂದೇ ತಕರಾರು ಏಳುತ್ತದೆ. ಹಳೆ ವ್ಯಾಗನ್ ಆರ್‌ನದ್ದು ಎಫ್10ಡಿ, 1061 ಸಿಸಿ, ನಾಲ್ಕು ಸಿಲಿಂಡರ್. 2010ರಿಂದ ಬಂದ ಕೆ10ಬಿ 998 ಸಿಸಿ, ಮೂರು ಸಿಲಿಂಡರ್, ಬೆಲ್ಟಿನ ಬದಲು ಟೈಮಿಂಗ್ ಚೈನ್. ಸ್ಯಾಂಟ್ರೊದಲ್ಲೂ ಹಾಗೆಯೇ, ಮೊದಲಿನದ್ದು 999 ಸಿಸಿ, ನಂತರದ ಜಿಂಗ್‌ನದ್ದು 1086.

ಎಂಜಿನ್ ತೆಗೆದುಕೊಳ್ಳುವಾಗ ನಿಮ್ಮ ಕಾರಿನ ಇಸಿಎಂ, ಸೆನ್ಸರ್, ಆಲ್ಟರ್ನೇಟರ್, ಸ್ಟಾರ್ಟರ್ ಎಸೆಯಬೇಡಿ. ಅವೆಲ್ಲ ನಿಮ್ಮದೇ ಇಟ್ಟುಕೊಂಡು ಎಂಜಿನ್ ಮಾತ್ರ ಬದಲಿಸುವುದು ಸುಲಭ.

800ಕ್ಕೆ ಝೆನ್ ಎಂಜಿನ್ ಹಾಕಿ "ಪಿಕಪ್ ನೋಡು" ಅನ್ನುವ ಹುಡುಗರಿಗೆ ಒಂದು ಮಾತು. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಹೇಳಿದೆ. ಅದೇ ಜಾತಿಯ ಎಂಜಿನಿಗೆ ಅದೇ ಜಾತಿಯ ಎಂಜಿನ್, ಅಷ್ಟೇ.

ಗುಜರಿಯಲ್ಲಿ ನಿಂತು ನೋಡುವಾಗ

ಬೆಂಗಳೂರಿನ ಶಿವಾಜಿನಗರ, ಚೆನ್ನೈಯ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ ಹಳೆ ವಾಹನದ ಬಿಡಿಭಾಗಕ್ಕೆ ಹೆಸರುವಾಸಿ. ನಮ್ಮ ಊರಿನ ಗುಜರಿಗೂ ಮಾಲು ಬರುವುದು ಎಷ್ಟೋ ಸಲ ಅಲ್ಲಿಂದಲೇ. ದೂರದಿಂದ ಫೋಟೋ ನೋಡಿ ಗೂಗಲ್ ಪೇ ಮಾಡಿ ಲಾರಿಯಲ್ಲಿ ತರಿಸಿಕೊಳ್ಳುವುದಕ್ಕಿಂತ, ಮೆಕ್ಯಾನಿಕನನ್ನು ಕರೆದುಕೊಂಡು ಒಂದು ದಿನ ಹೋಗಿ ಬರುವುದು ಲಾಭ.

ಸಾಧ್ಯವಾದರೆ ಗಾಡಿಯಲ್ಲೇ ಇರುವ, ಸ್ಟಾರ್ಟ್ ಮಾಡಿ ತೋರಿಸುವ ಎಂಜಿನ್ ತೆಗೆದುಕೊಳ್ಳಿ. ಹಿಂದಿನಿಂದ ಡಿಕ್ಕಿಯಾಗಿ ಗುಜರಿಗೆ ಬಂದ ಕಾರಿನ ಎಂಜಿನ್ ಚೆನ್ನಾಗಿರುವ ಸಾಧ್ಯತೆ ಹೆಚ್ಚು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯ ಪಡಿ. ಕೋಲ್ಡ್ ಸ್ಟಾರ್ಟ್‌ನಲ್ಲೇ ಐಬು ಗೊತ್ತಾಗುವುದು. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸಣ್ಣಗೆ ಹಬೆ ಬಂದರೆ ತೊಂದರೆ ಇಲ್ಲ, ಪುಸ್ ಪುಸ್ ಅಂತ ಒತ್ತಿ ಹೊಗೆ ಬಂದರೆ ರಿಂಗ್ ಸವೆದಿದೆ.

ನೆಲದ ಮೇಲೆ ಬಿಚ್ಚಿಟ್ಟ ಎಂಜಿನ್ ಆದರೆ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ ನೋಡಿ. ಒಂದೇ ಸಮ ಬಿಗಿ ಇರಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ ಒಳಗೆ ನೀರು ಸೇರಿದೆ. ಎಂಜಿನ್ ಹೊರಗೆ ಹೊಸ ಸಿಲ್ವರ್ ಪೇಂಟ್ ಹೊಡೆದು ಮಿಂಚಿಸಿದ್ದರೆ ನನಗಂತೂ ಹೆದರಿಕೆಯೇ. ಎಣ್ಣೆ ಧೂಳು ಹಿಡಿದ, ಯಾರೂ ಕೈ ಹಾಕದ ಎಂಜಿನ್ ಅದಕ್ಕಿಂತ ಸಾವಿರ ಪಾಲು ಉತ್ತಮ. ಹೆಡ್ ಅಂಚಿನಲ್ಲಿ ಹೊಸ ಸಿಲಿಕಾನ್ ಹೊರಬಂದಿದೆಯಾ, ಬೋಲ್ಟ್ ತಲೆ ಸವೆದಿದೆಯಾ ನೋಡಿದರೆ ಹಿಂದೆ ಬಿಚ್ಚಿದ್ದು ಗೊತ್ತಾಗ್ತದೆ. ಬಿಚ್ಚಿದ್ದರೆ ಬೋರ್ ಮಾಡಿದ್ದಾರಾ, ಪಿಸ್ಟನ್ ಸ್ಟ್ಯಾಂಡರ್ಡಾ, 0.25 ಓವರ್‌ಸೈಜಾ, 0.50ಯಾ ಕೇಳಿ. ಕೊನೆಯ ಓವರ್‌ಸೈಜ್ ಮುಟ್ಟಿದ ಬ್ಲಾಕನ್ನು ಮತ್ತೊಮ್ಮೆ ಬೋರ್ ಮಾಡಲು ಜಾಗ ಉಳಿದಿರುವುದಿಲ್ಲ.

ನೆರೆಯಲ್ಲಿ ಮುಳುಗಿದ ಗಾಡಿಯ ಎಂಜಿನ್ ಬಗ್ಗೆ ವಿಶೇಷ ಎಚ್ಚರ ಬೇಕು. 2018ರ ಆಗಸ್ಟಿನ ಮಹಾ ನೆರೆಯಲ್ಲಿ ಕೇರಳದಲ್ಲಿ ಎಷ್ಟು ಗಾಡಿ ಮುಳುಗಿದವು ಅಂತ ಕಣ್ಣಾರೆ ಕಂಡವರು ನಮ್ಮಲ್ಲೇ ಇದ್ದಾರೆ. ಪ್ರತಿ ಮಳೆಗಾಲದಲ್ಲೂ ಸ್ವಲ್ಪ ಸ್ವಲ್ಪ ಇರುವುದೇ. ನೀರು ಎಳೆದುಕೊಂಡ ಎಂಜಿನ್‌ನಲ್ಲಿ ಕನೆಕ್ಟಿಂಗ್ ರಾಡ್ ಕೂದಲೆಳೆಯಷ್ಟು ಬಾಗಿರುತ್ತದೆ. ಆಗ ಸ್ಟಾರ್ಟ್ ಆಗ್ತದೆ, ಓಡ್ತದೆ, ಕೆಲವು ತಿಂಗಳ ಮೇಲೆ ಬ್ಲಾಕ್ ಒಡೆದು ಹೊರಗೆ ಬರ್ತದೆ. ಬ್ಲಾಕ್‌ನ ಸಂದಿಗಳಲ್ಲಿ ಒಣಗಿದ ಕೆಸರು, ಪ್ಲಗ್ ತೂತಿನೊಳಗೆ ತುಕ್ಕು, ಒಂದೇ ಸಿಲಿಂಡರಿನಲ್ಲಿ ಕಂಪ್ರೆಶನ್ ಕಮ್ಮಿ, ಇವು ಅದರ ಗುರುತು.

ನಂಬರ್ ಮತ್ತು ಬಿಲ್

ಎಂಜಿನ್ ನಂಬರನ್ನು ಬ್ಲಾಕ್ ಮೇಲೆ ಒತ್ತಿರುತ್ತಾರೆ. ಅದನ್ನು ಉಜ್ಜಿ ತೊಳೆದು, ಸ್ವಂತ ಕಣ್ಣಿನಿಂದ ಓದಿ, ಫೋಟೋ ತೆಗೆದುಕೊಳ್ಳಿ. ಗ್ರೈಂಡರ್ ಹಾಕಿದ ಗುರುತು, ಅಕ್ಷರಗಳ ಸಾಲು ಓರೆ, ನಂಬರೇ ಇಲ್ಲ, ಹೀಗಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. "ನಿಮ್ಮ ಹಳೆ ನಂಬರನ್ನೇ ಇದರ ಮೇಲೆ ಪಂಚ್ ಮಾಡಿ ಕೊಡ್ತೇವೆ, ಆರ್‌ಟಿಒಗೆ ಹೋಗುವ ರಗಳೆ ಇಲ್ಲ" ಅನ್ನುವವರು ಸಿಗುತ್ತಾರೆ. ಅಲ್ಲಿಂದ ಎದ್ದು ಬನ್ನಿ. ಕದ್ದ ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ತೆಗೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಆಗಬಹುದು. ಉಜ್ಜಿ ಅಳಿಸಿದ ನಂಬರು "ನಂಬಲು ಕಾರಣ" ಅಲ್ಲದೆ ಮತ್ತೆಂತ?

ಕಳವಾದ ವಾಹನಗಳ ಪಟ್ಟಿಯಲ್ಲಿ ಆ ನಂಬರ್ ಇದೆಯಾ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ ಸಮನ್ವಯ ವ್ಯವಸ್ಥೆಯಲ್ಲಿ ಸಾರ್ವಜನಿಕರೂ ಹುಡುಕಬಹುದು. ಕೆಲವೇ ನಿಮಿಷದ ಕೆಲಸ.

ಮಾರುವವನಿಂದ ಬಿಲ್ ಬೇಕೇ ಬೇಕು. ಅದರಲ್ಲಿ ಎಂಜಿನ್ ನಂಬರ್, ಯಾವ ಗಾಡಿಯಿಂದ ಬಂದದ್ದು, ಅಂಗಡಿಯ ಹೆಸರು ವಿಳಾಸ, ಜಿಎಸ್‌ಟಿ ನಂಬರ್, ತಾರೀಕು ಇರಲಿ. ಮೂಲ ಗಾಡಿಯ ಆರ್‌ಸಿ ರದ್ದಾದ ಕಾಗದದ ನಕಲು ಸಿಕ್ಕಿದರೆ ಇನ್ನೂ ಗಟ್ಟಿ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಎಂಜಿನ್ ತಂದು ತಲಪಾಡಿ ದಾಟುವಾಗಲೂ ಈ ಬಿಲ್ ಗಾಡಿಯಲ್ಲೇ ಇರಬೇಕು.

"ಗ್ಯಾರಂಟಿ ಬಾಯಲ್ಲೇ, ನಾವು ನಮ್ಮವರೇ ಅಲ್ವಾ" ಅನ್ನುವುದು ನಮ್ಮಲ್ಲಿ ಜಾಸ್ತಿ. ಐಬು ಮುಚ್ಚಿಟ್ಟು ಮಾರುವುದು ದೀನಿನಲ್ಲಿ ಹರಾಂ, ಮುಚ್ಚಿಟ್ಟ ಐಬು ಹೊರಬಿದ್ದರೆ ಮಾಲು ವಾಪಸ್ ಕೊಡುವ ಹಕ್ಕು ಕೊಂಡವನಿಗೆ ಉಂಟು ಎಂದು ಮದ್ರಸದಲ್ಲಿ ಓದಿದವರಿಗೆಲ್ಲ ಗೊತ್ತು. ಆದರೂ 15 ದಿನವೋ 1 ತಿಂಗಳೋ, ಎಷ್ಟು ದಿನದೊಳಗೆ ವಾಪಸ್, ಹಣ ವಾಪಸಾ ಬೇರೆ ಎಂಜಿನಾ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ವ್ಯವಹಾರ ಬರೆದಿಡುವುದೂ ದೀನಿನ ಸೂಚನೆಯೇ, ಅದರಲ್ಲಿ ಅಪನಂಬಿಕೆ ಏನಿಲ್ಲ.

ಆರ್‌ಟಿಒ ಕೆಲಸ ಬಿಡಬೇಡಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಎಂಜಿನ್ ಬದಲಿಸಿದ 14 ದಿನದೊಳಗೆ ನೀವು ವಾಸವಿರುವ ಜಾಗದ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಬೇಕು. ಪರಿವಾಹನ್ ಪೋರ್ಟಲಿನಲ್ಲಿ ವಾಹನ ಬದಲಾವಣೆಯ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಬಿಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಜೊತೆ ಗಾಡಿಯನ್ನು ಇನ್‌ಸ್ಪೆಕ್ಟರಿಗೆ ತೋರಿಸುವುದು ಕ್ರಮ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಇನ್ನೂ ನಮೂದಾಗಿದ್ದರೆ ಮೊದಲು ಅವರ ಒಪ್ಪಿಗೆ ಪತ್ರ ಬೇಕಾಗ್ತದೆ. ಎಂಜಿನ್ ಖರೀದಿಸುವ ಮೊದಲೇ ಒಂದು ಸಲ ಆಫೀಸಿಗೆ ಹೋಗಿ ಯಾವ ಯಾವ ಕಾಗದ ಬೇಕು ಕೇಳಿ ಬಂದರೆ ಆಮೇಲೆ ಓಡಾಟ ಕಮ್ಮಿ.

ಇದನ್ನು ಬಿಟ್ಟವರಿಗೆ ಪೆಟ್ಟು ಬೀಳುವುದು 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ. 2022ರ ಏಪ್ರಿಲ್‌ನಿಂದ ಹಳೆ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ, 20 ವರ್ಷ ದಾಟಿದ ಕಾರಿಗೆ ಇನ್ನೂ ಹೆಚ್ಚು. ಅಷ್ಟು ಕಟ್ಟಿ ಗಾಡಿ ತೋರಿಸುವಾಗ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಗ ಹಳೆ ಬಿಲ್ ಹುಡುಕಲು ಹೋದರೆ ಗುಜರಿ ಅಂಗಡಿಯೇ ಇರುವುದಿಲ್ಲ! ಅಪಘಾತವಾದರೆ ಇನ್ಶೂರೆನ್ಸ್ ಕಂಪೆನಿಗೂ ತಕರಾರು ಎತ್ತಲು ಇದೇ ಸಾಕು. ಆದ್ದರಿಂದ ಆರ್‌ಸಿ ಬದಲಾದ ಮೇಲೆ ಪಾಲಿಸಿಯಲ್ಲೂ ಹೊಸ ನಂಬರ್ ಹಾಕಿಸಿ.

ಕೆಎಲ್ 14 ಪ್ರದೇಶದಲ್ಲಿದ್ದು ಕೆಎ 19 ಗಾಡಿ ಓಡಿಸುವವರು ನಮ್ಮಲ್ಲಿ ಬಹಳ. ಒಂದು ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇನ್ನೊಂದು ರಾಜ್ಯದಲ್ಲಿ ಇಟ್ಟರೆ ಅಲ್ಲಿನ ನಂಬರ್ ಮಾಡಿಸಬೇಕು. ಆ ಬಾಕಿ ಇದ್ದವರು ಎಂಜಿನ್ ಬದಲಾವಣೆಯನ್ನು ಮೊದಲು ದಾಖಲಿಸಿ ಆಮೇಲೆ ಎನ್‌ಒಸಿಗೆ ಹೋಗುವುದು ಒಳ್ಳೆಯದು. ಗಡಿಯ ಈಚೆ ಒಂದು ನಂಬರ್, ಆಚೆ ಇನ್ನೊಂದು ಎಂದಾದರೆ ಎರಡೂ ಆಫೀಸಿನ ಬಾಗಿಲು ಕಾಯಬೇಕು.

ಕೂರಿಸುವಾಗಿನ ಖರ್ಚು

ಗುಜರಿಯವನು ಹೇಳಿದ ಬೆಲೆ ಮಾತ್ರ ಲೆಕ್ಕ ಹಾಕಿ ಹೊರಟರೆ ಅರ್ಧದಲ್ಲಿ ಕೈ ಖಾಲಿಯಾಗುತ್ತದೆ. ಎಂಜಿನ್ ಕೆಳಗಿರುವಾಗಲೇ ಟೈಮಿಂಗ್ ಬೆಲ್ಟ್ ಮತ್ತು ಟೆನ್ಶನರ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್, ಥರ್ಮೋಸ್ಟ್ಯಾಟ್ ಹೊಸದು ಹಾಕಿ. ಕ್ಲಚ್ ಪ್ಲೇಟ್ ಸವೆದಿದ್ದರೆ ಅದೂ ಈಗಲೇ. ಮತ್ತೆ ಇದಕ್ಕಾಗಿಯೇ ಬಿಚ್ಚಿದರೆ ಕೂಲಿ ಎರಡು ಸಲ. ಹಳೆ ಎಂಜಿನ್ ಬಿಸಿಯಾಗಿಯೇ ಹೋದದ್ದಾದರೆ ರೇಡಿಯೇಟರ್ ಬಿಚ್ಚಿ ತೊಳೆಸದೆ, ಫ್ಯಾನ್ ಸರಿಯಾಗಿ ತಿರುಗುತ್ತದಾ ನೋಡದೆ ಹೊಸತನ್ನು ಸ್ಟಾರ್ಟ್ ಮಾಡಬಾರದು. ಮೊದಲಿನದ್ದನ್ನು ಕೊಂದ ರೋಗವೇ ಇದನ್ನೂ ಕೊಲ್ಲುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಪ್ಲಗ್ ಬಿಚ್ಚಿಟ್ಟು, ಆಯಿಲ್ ಪ್ರೆಶರ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಲಿ, ಆಮೇಲೆ ಪ್ಲಗ್ ಹಾಕಲಿ. ಮೊದಲ 500 ಕಿಲೋಮೀಟರ್ ಆದ ಕೂಡಲೇ ಆಯಿಲ್, ಫಿಲ್ಟರ್ ಬದಲಿಸಿ. ಅಷ್ಟರವರೆಗೆ ದಿನಾ ಬೆಳಿಗ್ಗೆ ಆಯಿಲ್, ಕೂಲಂಟ್ ಮಟ್ಟ ನೋಡಿ. ಗ್ಯಾರಂಟಿ ಅವಧಿ ಮುಗಿಯುವ ಮೊದಲೇ ಎ.ಸಿ. ಹಾಕಿ, ಐದು ಜನ ಕೂತು, ಪೆರಿಯ ಕಡೆಯದ್ದೋ ಬದಿಯಡ್ಕದ ಕಡೆಯದ್ದೋ ಒಂದು ಏರು ಹತ್ತಿಸಿ ನೋಡಿ. ಕಳಚಿದ ಹಳೆ ಎಂಜಿನನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಅದರ ಹೆಡ್, ಆಲ್ಟರ್ನೇಟರ್, ಮೌಂಟಿಂಗ್‌ಗಳಿಗೆ ಬೆಲೆ ಉಂಟು. ಅದನ್ನು ಗುಜರಿಗೆ ಕೊಡುವಾಗಲೂ ಎಂಜಿನ್ ನಂಬರ್ ಬರೆಸಿ ರಶೀದಿ ಪಡೆಯಿರಿ. ನಿಮ್ಮ ಹೆಸರಿನಲ್ಲಿದ್ದ ಎಂಜಿನ್ ನಾಳೆ ಯಾವ ಗಾಡಿಯಲ್ಲಿ ಕೂರುತ್ತದೆ ಅಂತ ಯಾರಿಗೆ ಗೊತ್ತು.