ಮೀನುಗಳ ಮೂಕ ಸಾಕ್ಷ್ಯ

ನಮ್ಮ ಗುಂಡ್ಲುಪೇಟೆಯ ಗುಂಡ್ಲು ಹೊಳೆಯು ನಂಜನಗೂಡಿನಲ್ಲಿ ಕೌಂಡಿನ್ಯೆ ಎನಿಸಿ ಕಪಿಲೆಯನ್ನು ಸೇರುತ್ತದೆ. ಆ ಪಾಠ ಮಾಡುವಾಗಲೆಲ್ಲ ನನಗೆ ತುಂಗಭದ್ರೆಯ ನೆನಪಾಗುತ್ತಿತ್ತು.

ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ 1972ರಲ್ಲಿ ರೇಯಾನ್ ತಯಾರಿಕೆಗೆ ಬೇಕಾದ ಮರದ ತಿರುಳಿನ ಕಾರ್ಖಾನೆ ಆರಂಭವಾಯಿತು. ಅದರ ತ್ಯಾಜ್ಯ ನೀರು ನದಿಯನ್ನು ಸೇರಿತು. 1980ರ ದಶಕದಲ್ಲಿ ಕೆಳಪಾತ್ರದ ಹಳ್ಳಿಗಳ ಬಳಿ ಮೀನುಗಳು ಸತ್ತು ತೇಲಿದವು. ಬಲೆಯನ್ನೇ ನಂಬಿದ್ದ ಕುಟುಂಬಗಳು ಕಂಗೆಟ್ಟವು.

ಇಂತಹ ತ್ಯಾಜ್ಯವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿಯುತ್ತದೆ. ವಿಷಕಾರಿ ರಾಸಾಯನಿಕಗಳು ಕಿವಿರುಗಳನ್ನು ಕೆಡಿಸುತ್ತವೆ. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ಅಪಾಯ ಇಮ್ಮಡಿಸುತ್ತದೆ. ಬದುಕುಳಿದ ಮೀನೂ ಸರಿಯಾಗಿ ಬೆಳೆಯದು, ರೋಗಕ್ಕೆ ಬೇಗ ತುತ್ತಾಗುವುದು.

ಜಲಮಾಲಿನ್ಯ ತಡೆ ಕಾಯಿದೆ 1974ರಲ್ಲೇ ಬಂದಿತ್ತು. ಆದರೂ ಜನರೇ ಎದ್ದು ನಿಲ್ಲಬೇಕಾಯಿತು. 1984ರಲ್ಲಿ ಸ್ಥಾಪಿತವಾದ ಸಮಾಜ ಪರಿವರ್ತನ ಸಮುದಾಯವು, ಎಸ್. ಆರ್. ಹಿರೇಮಠರ ಮುಂದಾಳ್ತನದಲ್ಲಿ, ಈ ಹೋರಾಟವನ್ನು ಕೈಗೆತ್ತಿಕೊಂಡಿತು.

ಇಂದು ನಂಜನಗೂಡಿನಲ್ಲೂ ಕೈಗಾರಿಕಾ ಪ್ರದೇಶವಿದೆ. ಸಂಗಮಕ್ಕೆ ಹೋದಾಗ ಪುರಿ ಎಸೆದು ಮರಳಬೇಡಿ. ಸ್ವಲ್ಪ ಹೊತ್ತು ನಿಂತು ನೋಡಿ. ಎಸೆದ ಪುರಿ ಮುಗಿದ ಮೇಲೂ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಅವು ಕೇಳುತ್ತಿರುವುದು ಆಹಾರವನ್ನಲ್ಲ, ಉಸಿರನ್ನು.